ಕುದುರೆ ಹೆಚ್ಚೋ ಎತ್ತು ಹೆಚ್ಚೋ

ಕೆಲವು ವರ್ಷಗಳಿಂದ ನಮ್ಮೂರ ಅಗಸೆಯ ಕಟ್ಟೆಯ ಮೇಲೆ ನಾನು ಕುಳಿತಾಗಲೆಲ್ಲ ಯಾರಾದರೊಬ್ಬರು ಒಂದು ಪ್ರಶ್ನೆಯನ್ನು ಕೇಳದೆ ಬಿಡುವದಿಲ್ಲ. “ಮಾಸ್ತರ, ನೀವು ಎರಡೂ ಹೊಡದ ಬಂದೀರಿ. ಖರೇ ಹೇಳ್ರಿ, ಎರಡರಾಗ ಯಾವ್ದು ಛಲೋ?” ಎರಡೆಂದರೆ ಎರಡು ಮೋಟಾರು ಗಾಡಿಗಳು, ಒಂದು ಫೆರಾರಿ, ಇನ್ನೊಂದು ಲ್ಯಾಂಬೊರ್ಗಿನಿ. ನಮ್ಮ ತುಕ್ಕಾನಟ್ಟಿಯ ಹಾದಿಯಲ್ಲಿ ಇವೆರಡರಲ್ಲಿ ಒಂದಾದರೂ ಹಾಯ್ದು ಹೋದದ್ದನ್ನು ನಾನು ಕಂಡಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಗಾಲಿ ಕೊರೆದ ನಮ್ಮ ಹೊಲದ ದಾರಿಗೆ ಇಳಿದರೆ ಅವುಗಳ ಹೊಟ್ಟೆ ನೆಲಕ್ಕೆ ತಾಗದೆ ಇರದು. ಆದರೂ ಹುಡುಗರು ಅವುಗಳ ಹೆಸರುಗಳನ್ನು ಬಲ್ಲರು. ಚಿತ್ರಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರುವರು. ಎರಡು ಪಕ್ಷಗಳಾಗಿ ನಿಂತು ವಾದಿಸುವರು. ನಾನು ಇಷ್ಟು ದಿವಸ ನಕ್ಕು ಮಾತು ಮರೆಸುತ್ತಿದ್ದೆನು. ಈ ಸಲದ ಕಾರಹುಣ್ಣಿವೆಯ ದಿವಸ ಮಾತ್ರ ಹಾಗೆ ಮರೆಸಲಾಗದ ಪ್ರಸಂಗವು ಬಂದಿತು. ಅದರ ಸಲುವಾಗಿಯೇ ಈ ಬರಹ.

ವಾಚಕರಲ್ಲಿ ಈ ಗಾಡಿಗಳ ಪರಿಚಯವಿಲ್ಲದವರೂ ಇರುವದರಿಂದ ಮೊದಲು ಇವುಗಳ ಹಳೆಯ ಹಗೆಯ ಕಥೆಯನ್ನು ಹೇಳುವದು ಉಚಿತವು. ಇಟಲಿ ದೇಶದ ಮೊದೆನಾ ಪಟ್ಟಣದಲ್ಲಿ 1898ರಲ್ಲಿ ಹುಟ್ಟಿದ ಎಂಜೊ ಫೆರಾರಿಯು ಪಂದ್ಯದ ಗಾಡಿಗಳ ಹುಚ್ಚನು. ಆತನ ಸ್ವಂತ ಹೆಸರಿನ ಮೊದಲನೆಯ ಗಾಡಿಯು 1947ರಲ್ಲಿ ಮರನೆಲ್ಲೊ ಎಂಬ ಸಣ್ಣ ಊರಿನ ಕಾರಖಾನೆಯಿಂದ ಹೊರಬಿದ್ದಿತು. ಹಿಂಗಾಲಿನ ಮೇಲೆ ನೆಟ್ಟಗೆ ನಿಂತ ಕರಿ ಕುದುರೆಯು ಅದರ ಲಾಂಛನ. ಆ ಕುದುರೆಯು ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಫ್ರಾಂಚೆಸ್ಕೊ ಬರಾಕ್ಕಾ ಎಂಬ ವಿಮಾನವೀರನದು; ಮಗನನ್ನು ಕಳೆದುಕೊಂಡ ತಾಯಿಯು ಆ ಗುರುತನ್ನು ಫೆರಾರಿಗೆ ಒಪ್ಪಿಸಿದಳು. ಇನ್ನು ಫೆರುಚ್ಚೊ ಲ್ಯಾಂಬೊರ್ಗಿನಿಯೋ ಒಕ್ಕಲಿಗರ ಮಗ. ದ್ರಾಕ್ಷಿಯ ತೋಟದವರ ಮನೆಯಲ್ಲಿ 1916ರಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಸೈನ್ಯದವರು ಬಿಟ್ಟುಹೋದ ಯಂತ್ರಗಳ ಬಿಡಿಭಾಗಗಳನ್ನು ಕೂಡಿಸಿ ಒಕ್ಕಲಿಗರಿಗೆ ಟ್ರ್ಯಾಕ್ಟರು ಮಾಡಿಕೊಟ್ಟು, 1948ರಲ್ಲಿ ಅದನ್ನೇ ಉದ್ಯೋಗವಾಗಿ ಮಾಡಿ ಶ್ರೀಮಂತನಾದನು. ಕೈಯಲ್ಲಿ ಹಣವಾಯಿತು, ಒಂದು ಫೆರಾರಿಯನ್ನು ಕೊಂಡನು. ಅದರ ಕ್ಲಚ್ಚು ಮೇಲಿಂದ ಮೇಲೆ ಕೆಡುತ್ತಿತ್ತೆಂದೂ, ಅದನ್ನು ಹೇಳಹೋದಾಗ ‘ಟ್ರ್ಯಾಕ್ಟರು ಹೊಡೆಯುವವನಿಗೆ ಫೆರಾರಿ ಏನು ತಿಳಿದೀತು’ ಎಂಬ ಅರ್ಥದ ಉತ್ತರ ಬಂದಿತೆಂದೂ ಆತನು ಮುಂದೆ ಹೇಳಿಕೊಳ್ಳುತ್ತಿದ್ದನಂತೆ. 1963ರಲ್ಲಿ ಸಾಂತಾಗಾತಾ ಎಂಬಲ್ಲಿ ತನ್ನದೇ ಮೋಟಾರು ಕಾರಖಾನೆಯನ್ನು ತೆರೆದು, ಗೂಳಿಯನ್ನು ಲಾಂಛನ ಮಾಡಿಕೊಂಡನು. ಎರಡೂ ಊರುಗಳ ನಡುವೆ ಗಾಡಿಯಲ್ಲಿ ಒಂದು ತಾಸಿನ ದಾರಿಯೂ ಇಲ್ಲ.

ಈ ಕಥೆಯನ್ನು ಕಟ್ಟೆಯ ಮೇಲೆ ಹೇಳಿದಾಗ ನಮ್ಮೂರ ಹಿರಿಯರು ಎಲ್ಲರೂ ಒಮ್ಮೆಲೆ ಗೂಳಿಯ ಪಕ್ಷಕ್ಕೆ ಸೇರಿಬಿಟ್ಟರು. ಒಕ್ಕಲಿಗನಿಗೆ ಆದ ಅಪಮಾನವು ಯಾವ ದೇಶದ ಒಕ್ಕಲಿಗನಿಗಾದರೂ ತಟ್ಟತಕ್ಕದ್ದೇ.

ನಾನು ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದದ್ದು 2019ರಲ್ಲಿ. ಅದೇ ವರ್ಷ ಜರ್ಮನಿಯಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗನು ನನ್ನನ್ನು ಕರೆಸಿಕೊಂಡು, ಎಂಟು ದಿವಸ ಇಟಲಿಯಲ್ಲಿ ತಿರುಗಾಡಿಸಿದನು. ಮರನೆಲ್ಲೊದಲ್ಲಿ ಫೆರಾರಿಯ ಸಂಗ್ರಹಾಲಯದ ಸುತ್ತಮುತ್ತಲೂ ಇಂಥ ಗಾಡಿಗಳನ್ನು ಹತ್ತು ಮಿನಿಟು, ಇಪ್ಪತ್ತು ಮಿನಿಟುಗಳ ಲೆಕ್ಕದಿಂದ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಪಕ್ಕದಲ್ಲಿ ಅವರ ಮನುಷ್ಯನು ಕುಳಿತಿರುವನು. “ಮಾವಾ, ನಮ್ಮೂರಾಗ ಚಕ್ಕಡಿ ಶರ್ಯತ್ತ ಗೆದ್ದಾಂವ ನೀ. ಇದನ್ನೂ ಒಂದ ಕೈ ನೋಡಿಬಿಡು” ಎಂದು ಅಳಿಯನು ಚೇಷ್ಟೆ ಮಾಡಿದನು. ಆ ಮಾತಿಗೆ ನನ್ನ ಮುಖವು ಯಾಕೆ ಸಪ್ಪಗಾಯಿತೆಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯುವ ಕಾರಣವೂ ಇರಲಿಲ್ಲ.

ಮೊದಲು ಕುದುರೆಯ ಗಾಡಿ. 458 ಎಂಬ ಹೆಸರಿನದು, 2009ರಲ್ಲಿ ಲೋಕಕ್ಕೆ ತೋರಿಸಿದ್ದು. ಅದರೊಳಗೆ ಕುಳಿತುಕೊಳ್ಳುವದೆಂದರೆ ನೆಲದ ಮೇಲೆ ಹಾಸಿದ ಚಾಪೆಯ ಮೇಲೆ ಕುಳಿತಂತೆ. ಎಂಜಿನ್ನು ಬೆನ್ನ ಹಿಂದೆ. ಎಂಟು ಸಿಲಿಂಡರು, 570 ಅಶ್ವಶಕ್ತಿ. ಅಶ್ವಶಕ್ತಿಯೆಂದರೆ ಒಂದು ಮಿನಿಟಿನಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವಷ್ಟು ಕೆಲಸವೆಂದು ಜೇಮ್ಸ್ ವಾಟನು ಗೊತ್ತುಮಾಡಿದ ಅಳತೆ. ನಮ್ಮ ಕೃಷಿ ಪುಸ್ತಕಗಳಲ್ಲಿ ಒಂದು ಜೋಡಿ ಎತ್ತುಗಳ ದುಡಿತವನ್ನು ಸುಮಾರು ಒಂದು ಅಶ್ವಶಕ್ತಿಯೆಂದು ಹಿಡಿಯುವರು. ಅಂದರೆ ನನ್ನ ಬಲಗಾಲಿನ ಹೆಬ್ಬೆರಳ ಕೆಳಗೆ ಹತ್ತಿರ ಹತ್ತಿರ ಆರು ನೂರು ಜೋಡಿ ಎತ್ತುಗಳು ಹೂಡಿ ನಿಂತಿದ್ದವು. ಆ ವಿಚಾರದಿಂದಲೇ ನನ್ನ ಅಂಗೈ ಬೆವತಿತು.

ಆದರೆ ಗಾಡಿಯು ನಾನು ಅಂಜಿದಷ್ಟು ಒರಟಾಗಿರಲಿಲ್ಲ. ಅದರ ಕೈಚಕ್ರವು ಎಷ್ಟು ಹಗುರೆಂದರೆ, ಎರಡು ಬೆರಳಷ್ಟು ತಿರುಗಿಸುವಷ್ಟರಲ್ಲಿ ಮೂತಿಯು ತಿರುವಿನೊಳಗೆ ಹೊಕ್ಕಿರುತ್ತಿತ್ತು. ಹಿಂದಿನ ಎರಡು ಗಾಲಿಗಳಷ್ಟೇ ನೂಕುವವು. ಮುಂದಿನವುಗಳ ಕೆಲಸ ದಾರಿ ಹಿಡಿಯುವದು ಮಾತ್ರ. ಆದ್ದರಿಂದ ದಾರಿಯ ಸಣ್ಣ ಹರಳೂ ಅಂಗೈಗೆ ಬಂದು ವರ್ತಮಾನ ಹೇಳುವದು. ತಿರುವಿನಿಂದ ಹೊರಬೀಳುವಾಗ ಕಾಲನ್ನು ಚೂರು ಹೆಚ್ಚು ಒತ್ತಿದರೆ ಹಿಂಭಾಗವು ಸಣ್ಣಗೆ ಅಲುಗಿ, ‘ನೋಡು, ನಾನಿದ್ದೇನೆ’ ಎಂದು ಎಚ್ಚರಿಸುವದು. ಸವಾರನ ಮನಸ್ಸನ್ನು ಲಗಾಮಿನ ತುದಿಯಿಂದಲೇ ಓದುವ ಜಾತಿಕುದುರೆಯು ಹೇಗೋ ಹಾಗೆ. ಸವಾರನು ಜಾಣನಾದರೆ ಜಾಣತನವನ್ನೂ, ಹೆಡ್ಡನಾದರೆ ಹೆಡ್ಡತನವನ್ನೂ ಅದು ಮುಚ್ಚಿಡುವದಿಲ್ಲ. ದನಿಯಂತೂ ಮೊದಲು ಗದರಿಕೆ, ಆಮೇಲೆ ಸನಾಯಿ, ಕೊನೆಗೆ ಕೇಕೆ.

ಎಲ್ಲವೂ ಹೀಗೆಯೇ ವೈಭವದಿಂದ ನಡೆಯಿತೆಂದು ತಿಳಿಯಬೇಡಿರಿ. ಅದು ಸಾರ್ವಜನಿಕ ರಸ್ತೆ. ಊರೊಳಗೆ ತಾಸಿಗೆ 50, ಹೊರಗೆ 90 ಕಿಲೊಮೀಟರಿನ ಮಿತಿ. ಅರ್ಧ ದಾರಿಯಲ್ಲಿ ಹುಲ್ಲು ಹೇರಿಕೊಂಡ ಒಂದು ಟ್ರ್ಯಾಕ್ಟರು ಮುಂದೆ ಬಂದು, ನಾವು ಅದರ ಹಿಂದೆ ಎತ್ತಿನ ನಡಿಗೆಯಲ್ಲಿ ಹೋಗಬೇಕಾಯಿತು. ಆರು ನೂರು ಜೋಡಿಯ ಒಡೆಯನಾಗಿಯೂ ನಾನು ಹುಲ್ಲಿನ ಧೂಳನ್ನು ಕುಡಿದೆನು, ತುಕ್ಕಾನಟ್ಟಿಯಲ್ಲಿಯೇ ಇದ್ದಂತಾಯಿತು. ಅದು ಬೇರೆ ದಾರಿಗೆ ತಿರುಗಿದ ಕೂಡಲೆ ಹುರುಪಿನಿಂದ ಮೊದಲನೆಯ ಗೇರಿನಲ್ಲಿಯೇ ಕಾಲನ್ನು ಪೂರಾ ಒತ್ತಿದೆನು. ಗೇರು ಬದಲಿಸುವ ಪಟ್ಟಿಯನ್ನು ಎಳೆಯುವದು ಮರೆತುಹೋಯಿತು. ಸೂಜಿಯು ಮಿನಿಟಿಗೆ 9,000 ಸುತ್ತಿನ ಕೆಂಪು ಗೆರೆಯನ್ನು ಮುಟ್ಟಿದ್ದೇ ತಡ, ಎಂಜಿನ್ನು ತೊದಲಹತ್ತಿತು. ನಾನು ಎಷ್ಟು ಒತ್ತಿದರೂ ಮುಂದಕ್ಕೆ ಏರಲೊಲ್ಲದು. ಕೆಟ್ಟಿತೇನೋ ಎಂದು ಗಾಬರಿಗೊಂಡೆನು. ಪಕ್ಕದ ಮನುಷ್ಯನು ನಕ್ಕು, ಅದು ಕೆಟ್ಟಿಲ್ಲ, ತನ್ನ ಮಿತಿಯನ್ನು ತಾನೇ ಕಾಯ್ದುಕೊಳ್ಳುತ್ತಿದೆ. ಅದಕ್ಕಿಂತ ಹೆಚ್ಚು ಓಡಿದರೆ ಒಳಗಿನ ಭಾಗಗಳು ಮುರಿದಾವೆಂದು ಮಾಡಿದವರೇ ಹಾಗೆ ಕಟ್ಟಿಟ್ಟಿರುವರು ಎಂದು ತಿಳಿಸಿದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಆಮೇಲೆ ಗೂಳಿಯ ಗಾಡಿ. 2014ರಲ್ಲಿ ಬಂದ ಹುರಕಾನ್. ಲ್ಯಾಂಬೊರ್ಗಿನಿಯವರು ತಮ್ಮ ಬಹಳಷ್ಟು ಗಾಡಿಗಳಿಗೆ ಸ್ಪೇನ್ ದೇಶದ ಕಾಳಗದ ಗೂಳಿಗಳ ಹೆಸರನ್ನೋ ಅವುಗಳನ್ನು ಸಾಕಿದ ಮನೆತನದ ಹೆಸರನ್ನೋ ಇಡುವರು. ಹುರಕಾನ್ 1879ರಲ್ಲಿ ಕಾದಿದ ಒಂದು ಗೂಳಿ. ಈ ಗಾಡಿಯನ್ನು ಎಬ್ಬಿಸುವ ಗುಂಡಿಯು ಒಂದು ಕೆಂಪು ಮುಚ್ಚಳದ ಕೆಳಗಿರುತ್ತದೆ. ಕೈಚಕ್ರದ ಕೆಳಗೆ ಗಾಡಿಯ ಸ್ವಭಾವವನ್ನು ಬದಲಿಸುವ ಇನ್ನೊಂದು ಗುಂಡಿ. ಅದರ ಹೆಸರು ‘ಅನಿಮಾ’, ಇಟಾಲಿಯನ್ ಭಾಷೆಯಲ್ಲಿ ಆತ್ಮವೆಂದರ್ಥ. ಬೀದಿ, ಆಟ, ಪಂದ್ಯ ಎಂದು ಆತ್ಮಕ್ಕೆ ಮೂರು ಅವಸ್ಥೆಗಳು. ವೇದಾಂತಿಗಳು ಕೇಳಿದರೆ ನಕ್ಕಾರು.

ಇದರದು ಹತ್ತು ಸಿಲಿಂಡರು, 610 ಅಶ್ವಶಕ್ತಿ. ನಿಂತಲ್ಲಿಂದ ನೂರರ ವೇಗಕ್ಕೆ 3.2 ಸೆಕೆಂಡು, ಫೆರಾರಿಗೆ 3.4. ಈ ಎರಡು ದಶಾಂಶದ ಅಂತರವನ್ನು ನನ್ನಂಥವನ ಬೆನ್ನು ಅರಿಯಲಾರದು. ಬೆನ್ನು ಅರಿತದ್ದು ಬೇರೆ. ಇಲ್ಲಿ ನಾಲ್ಕೂ ಗಾಲಿಗಳು ದುಡಿಯುವವು. ಕಾಲು ಒತ್ತಿದರೆ ಅಲುಗಾಟವಿಲ್ಲ, ತಡವರಿಕೆಯಿಲ್ಲ. ಹದವಾದ ಎರೆಯ ಹೊಲದಲ್ಲಿ ಕುಂಟೆ ಹಿಡಿದಂತೆ ನೆಲವನ್ನು ಕಚ್ಚಿಕೊಂಡು ಎಳೆಯುವದು. ಅಷ್ಟರಲ್ಲಿ ಮಳೆ ಹನಿಯಹತ್ತಿತು. ಫೆರಾರಿಯಲ್ಲಿದ್ದರೆ ನನ್ನ ಜೀವವು ಮುಷ್ಟಿಯೊಳಗೆ ಇರುತ್ತಿತ್ತು. ಇದರಲ್ಲಿ ನಿಶ್ಚಿಂತೆಯಿಂದ ಇದ್ದೆನು. ತಿರುವಿನಲ್ಲಿ ಮಾತ್ರ ಇದು ತನ್ನ ಮೂತಿಯನ್ನು ತುಸು ಹೊರಕ್ಕೆ ಹಿಡಿಯುವದು. ಕೈಯೊಡನೆ ಹರಟೆ ಹೊಡೆಯುವದೂ ಕಡಿಮೆ. ಸವಾರನ ತಪ್ಪುಗಳನ್ನು ನುಂಗಿಕೊಂಡು, ಹೇಳಿದ ಕೆಲಸವನ್ನು ಮಾಡಿಬಿಡುವ ಜಾಯಮಾನ. ಲ್ಯಾಂಬೊರ್ಗಿನಿಯು ಯಾವ ಕ್ಲಚ್ಚಿನ ಸಲುವಾಗಿ ಜಗಳ ತೆಗೆದನೋ ಆ ಕ್ಲಚ್ಚನ್ನು ಒತ್ತುವ ಪೆಡಲೇ ಈಗ ಈ ಎರಡೂ ಗಾಡಿಗಳಲ್ಲಿ ಇಲ್ಲವೆಂಬುದನ್ನು ಕಂಡು ನನಗೆ ನಗೆ ಬಂದಿತು. ಜಗಳದ ಕಾರಣವು ಹೋಗಿದೆ, ಜಗಳವು ಉಳಿದಿದೆ. ಊರೊಳಗಿನ ಎಷ್ಟೋ ಹಗೆಗಳು ಹೀಗೆಯೇ ಅಲ್ಲವೇ?

ಹಾಗಾದರೆ ಯಾವದು ಹೆಚ್ಚು? ಹೊಡೆಯುವ ಸುಖಕ್ಕೆ ಕುದುರೆ, ಹೊಡೆಯುವವನ ನೆಮ್ಮದಿಗೆ ಗೂಳಿ. ನಮ್ಮ ಸೀಮೆಯಲ್ಲಿಯೂ ಈ ಭೇದವು ಹೊಸದಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳಲ್ಲಿ ಬೆಳೆದ ಕೃಷ್ಣಾ ಕಣಿವೆಯ ತಳಿಯ ಎತ್ತು ಭಾರವಾದ ಮೈಯದು, ಎರೆಯ ನೆಲದ ನೇಗಿಲಿಗೆ ಹೇಳಿಮಾಡಿಸಿದ್ದು. ಈಗ ಅದು ವಿರಳವಾಗಿದೆ. ಖಿಲಾರಿಯೋ ತೆಳು ಮೈ, ನೀಳ ಕಾಲು, ಚುರುಕು ಕಣ್ಣು, ಸದ್ದಿಗೇ ಹಾರುವದು. ಇನ್ನು ಒಂದೇ ನೊಗಕ್ಕೆ ಒಂದು ಕಡೆ ಕುದುರೆಯನ್ನೂ ಇನ್ನೊಂದು ಕಡೆ ಎತ್ತನ್ನೂ ಹೂಡಿ ಓಡಿಸುವ ವಿಚಿತ್ರ ಶರ್ಯತ್ತು ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೂ ನೆರೆಯ ಮಹಾರಾಷ್ಟ್ರದಲ್ಲಿಯೂ ಉಂಟು. ಫೆರಾರಿಯನ್ನೂ ಲ್ಯಾಂಬೊರ್ಗಿನಿಯನ್ನೂ ಒಂದೇ ಈಸಿಗೆ ಕಟ್ಟಿದಂತೆ!

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ನನಗೆ ಸುಖವಾಗುತ್ತಿತ್ತು. ಆದರೆ ನಾನು ಹೊಡೆದ ಮೂರನೆಯ ಗಾಡಿಯೊಂದಿದೆ.

ಅದು 1976ರ ಮಾತು. ನನಗೆ ಆಗ 17 ವರ್ಷ. ನೆರೆಯೂರ ಜಾತ್ರೆಯ ಶರ್ಯತ್ತಿಗೆ ನಮ್ಮ ಮನೆಯ ಎರಡು ಖಿಲಾರಿಗಳನ್ನು ಹೂಡಿಕೊಂಡು ಹೋಗಿದ್ದೆನು. ಅವುಗಳಲ್ಲಿ ಬಲಗಡೆಯದು ಸಾರಂಗ. ಅವ್ವನ ಕೈಯಿಂದ ಬೆಲ್ಲ ತಿಂದು ಬೆಳೆದದ್ದು. ನನ್ನ ಹೆಜ್ಜೆಯ ಸಪ್ಪಳಕ್ಕೆ ಗೋದಲಿಯಿಂದ ತಲೆ ಎತ್ತುತ್ತಿತ್ತು. ನಮಗೆ ಎದುರಾಳಿಯೆಂದರೆ ಕೆಳಗಿನ ಓಣಿಯ ಹಿರಿಯರೊಬ್ಬರು. ಅವರದು ಕುದುರೆ ಮತ್ತು ಎತ್ತಿನ ಜೋಡಿ, ಅದಕ್ಕಾಗಿ ಊರವರೆಲ್ಲ ಅವರನ್ನು ಕುದುರಿ ಕಾಕಾ ಎಂದೇ ಕರೆಯುತ್ತಿದ್ದರು. ಆ ಸಣ್ಣ ಜಾತ್ರೆಯಲ್ಲಿ ಎಲ್ಲ ಜೋಡಿಗಳನ್ನೂ ಕೂಡಿಯೇ ಬಿಡುತ್ತಿದ್ದರು. ಬಾರಕೋಲಿಗೆ ಮೊಳೆ ಇರಕೂಡದೆಂದು ಪಂಚರು ಸಾರಿದ್ದರು. ನನ್ನ ಬಾರಕೋಲಿನ ತುದಿಯಲ್ಲಿ ಮೊಳೆಯಿತ್ತು. ಅದರ ಮೇಲೆ ಬಣ್ಣದ ಅರಿವೆಯ ಗೊಂಡೆಯನ್ನು ಕಟ್ಟಿದವನು ನಾನೇ.

ಓಟದ ಅರ್ಧದವರೆಗೆ ಕುದುರಿ ಕಾಕಾ ಒಂದು ಗಾಡಿಯ ಉದ್ದ ಮುಂದಿದ್ದರು. ಅವರು ಹಗ್ಗವನ್ನು ಸಡಿಲು ಬಿಟ್ಟು, ಬಾಯಿಂದ ಮಾತ್ರ ಕರೆಯುತ್ತಿದ್ದರು. ನಾನು ಕೋಲನ್ನು ಸಾರಂಗನ ಪಕ್ಕೆಗೆ ಒತ್ತಿದೆನು. ಅದು ಒಮ್ಮೆ ನಡುಗಿ, ತನ್ನ ಶಕ್ತಿಯಲ್ಲಿ ಇಲ್ಲದ ಓಟವನ್ನು ಓಡಿತು. ನಾನು ಮತ್ತೆ ಒತ್ತಿದೆನು. ಎಷ್ಟು ಸಲವೆಂಬುದನ್ನು ಎಣಿಸಲಿಲ್ಲ. ಕುದುರೆಯ ಮೂತಿಗಿಂತ ಒಂದು ಗೇಣು ಮುಂದಾಗಿ ಗೆದ್ದೆವು. ಬಹುಮಾನವು ಒಂದು ಹಿತ್ತಾಳೆಯ ಕೊಡ. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತರು.

ಆ ರಾತ್ರಿ ಅಪ್ಪನು ಕಂದೀಲು ಹಿಡಿದು ಸಾರಂಗನ ಪಕ್ಕೆಯನ್ನು ನೋಡಿದನು. ಅರಿಶಿಣ ಎಣ್ಣೆಯನ್ನು ಸವರಿದನು. ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಬಾರಕೋಲನ್ನು ತರಿಸಿ, ಇಕ್ಕಳದಿಂದ ಮೊಳೆಯನ್ನು ಕಿತ್ತು, ಕೋಲನ್ನು ತಿರುಗಿ ನನ್ನ ಕೈಗೆ ಕೊಟ್ಟು, “ಗೆದ್ದಿ, ಖರೇ. ಓಡಿದಾಂವ ಯಾಂವೋ?” ಎಂದಷ್ಟೇ ಕೇಳಿದನು. ನಾನು ಉತ್ತರ ಹೇಳಲಿಲ್ಲ. ಗಾಯವು ಹದಿನೈದು ದಿವಸಕ್ಕೆ ಮಾಯಿತು. ಆದರೆ ಅಂದಿನಿಂದ ನನ್ನ ಕೈ ಹತ್ತಿರ ಬಂದರೆ ಸಾರಂಗನು ಮುಖವನ್ನು ಆಚೆಗೆ ತಿರುಗಿಸುವನು. ಮುಂದಿನ ವರ್ಷ ನಾನು ಕಲಿಯಲು ಪಟ್ಟಣಕ್ಕೆ ಹೋದೆನು. ಸೂಟಿಗೆ ಬಂದಾಗ ಬೆಲ್ಲವನ್ನು ಒಡ್ಡಿದರೂ ಅದು ತಿನ್ನುತ್ತಿರಲಿಲ್ಲ. ಅವ್ವನು ಒಡ್ಡಿದರೆ ತಿನ್ನುತ್ತಿತ್ತು. ಅದು ಸಾಯುವವರೆಗೂ ಹೀಗೆಯೇ ನಡೆಯಿತು.

ಮರನೆಲ್ಲೊದ ರಸ್ತೆಯಲ್ಲಿ ಆ ಎಂಜಿನ್ನು ತೊದಲಿ ನಿಂತಾಗ ನನಗೆ ನೆನಪಾದದ್ದು ಇದೇ. ಯಂತ್ರಕ್ಕೆ ಅದರ ಮಿತಿಯನ್ನು ಮಾಡಿದವನು ಒಳಗೇ ಕಟ್ಟಿ ಕಳಿಸಿದ್ದಾನೆ. ಹೊಡೆಯುವವನು ಎಷ್ಟೇ ಕ್ರೂರನಾದರೂ ಅದು ತನ್ನನ್ನು ತಾನು ಕಾಯ್ದುಕೊಳ್ಳುವದು. ಎತ್ತಿಗೆ ಆ ಕಟ್ಟು ಇಲ್ಲ. ಅಂಜಿಕೆಯಿಂದಲೋ ನಂಬಿಕೆಯಿಂದಲೋ ಅದು ಎದೆ ಒಡೆಯುವವರೆಗೂ ಓಡೀತು. ಅದರ ಮಿತಿಯನ್ನು ದೇವರು ಹೊಡೆಯುವವನ ಮನಸ್ಸಿನಲ್ಲಿ ಇಟ್ಟಿದ್ದಾನೆ. ಅಲ್ಲಿ ಅದು ಇಲ್ಲದಿದ್ದರೆ ಬೇರೆಲ್ಲಿಯೂ ಇಲ್ಲ.

ಕಾಯಿದೆಯು ಆ ಮಿತಿಯನ್ನು ಹೊರಗಿನಿಂದ ಕಟ್ಟಲು ಯತ್ನಿಸಿದೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು, ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿತು. ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ತಿದ್ದಿ, ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಷರತ್ತಿನ ಮೇಲೆ ಅವಕಾಶ ಮಾಡಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಾನು ಈ ಆಟಗಳ ವಿರೋಧಿಯಲ್ಲ. ಎತ್ತಿನ ಓಟವನ್ನು ಕಂಡು ಹಿಗ್ಗದವನು ನಮ್ಮ ಸೀಮೆಯವನೇ ಅಲ್ಲ. ಆದರೆ ಗೊಂಡೆಯ ಕೆಳಗಿನ ಮೊಳೆಯು ಪಂಚರಿಗೆ ಕಾಣಲಿಲ್ಲವೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ಸಲದ ಕಾರಹುಣ್ಣಿವೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆಗೆ ಕರಿ ಹರಿಯುವ ಸಿದ್ಧತೆ ನಡೆದಿತ್ತು. ಬಿಳಿಯ ಎತ್ತು ಮುಂದಾದರೆ ಹಿಂಗಾರಿ, ಕೆಂದ ಎತ್ತು ಮುಂದಾದರೆ ಮುಂಗಾರಿ ಹುಲುಸೆಂದು ಹಿರಿಯರು ಮಾತಾಡುತ್ತಿದ್ದರು. ನನ್ನ ತಮ್ಮನ ಮೊಮ್ಮಗ, ಹದಿನಾರರ ಹುಡುಗ, ಹುಣಸೆಹಣ್ಣಿನಿಂದ ತಿಕ್ಕಿದ ಆ ಹಿತ್ತಾಳೆಯ ಕೊಡವನ್ನು ಎತ್ತಿಕೊಂಡು ಬಂದನು. “ಅಜ್ಜಾ, ಕಾರಿನ ಮಾತ ಇರ್ಲಿ. ಈ ಕೊಡಾ ಗೆದ್ದಾಗ ಎತ್ತ ಹೆಂಗ ಓಡಿಸಿದ್ದಿ? ನನಗೂ ಕಲಸು. ಮುಂದಿನ ಜಾತ್ರ್ಯಾಗ ನಾನೂ ಗಾಡಿ ಹೂಡಾಂವ ಅದೇನಿ.”

ಆ ಕೊಡವು ನಮ್ಮ ಮನೆಯಲ್ಲಿ ದೇವರ ಜಗುಲಿಯ ಪಕ್ಕದಲ್ಲಿ ಇಷ್ಟು ವರ್ಷ ಕುಳಿತಿದೆ. ಅದನ್ನು ನೋಡುತ್ತ ಎರಡು ತಲೆಮಾರಿನ ಮಕ್ಕಳು ಬೆಳೆದಿವೆ. ನಾನು ಸುಮ್ಮನಿದ್ದರೆ ಮೊಳೆಯು ಮೂರನೆಯ ತಲೆಮಾರಿಗೆ ಹೋಗುವದು. ಹುಡುಗನನ್ನು ಕೊಟ್ಟಿಗೆಯಲ್ಲಿ ಕುಳ್ಳಿರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆನು. ಅವನು ಬಹಳ ಹೊತ್ತು ಕೊಡವನ್ನೇ ನೋಡುತ್ತಿದ್ದು, “ಹಂಗಾರ ಇದು ನಮ್ಮದಲ್ಲ” ಎಂದನು.

ಮರುದಿವಸ ಇಬ್ಬರೂ ಕೂಡಿ ಅದನ್ನು ಕೆಳಗಿನ ಓಣಿಗೆ ಒಯ್ದೆವು. ಕುದುರಿ ಕಾಕಾ ತೀರಿಕೊಂಡು ಇಪ್ಪತ್ತು ವರ್ಷಗಳಾದವು; ಅವರ ಮನೆಯ ಹಿರಿಯ ತಾಯಿಯು ಪಡಸಾಲೆಯಲ್ಲಿ ಕುಳಿತಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆನು. ಆಕೆ ಆಶ್ಚರ್ಯಪಡಲಿಲ್ಲ. “ಅವ್ರಿಗಿ ಗೊತ್ತಿತ್ತೋ ತಮ್ಮಾ. ಮರದಿನಾನ ನಿಮ್ಮ ಕೊಟಗ್ಯಾಗ ಎತ್ತಿನ ಪಕ್ಕಿ ನೋಡಿ ಬಂದಿದ್ರು. ಪಂಚರಿಗೆ ಹೇಳ್ರಿ ಅಂದೆ. ‘ಹುಡುಗ ಅದಾನ, ತಾನ ತಿಳಕೊಳ್ಳಲಿ’ ಅಂದ್ರು. ಅಗದಿ ತಡಾ ಮಾಡಿದಿ ನೋಡು” ಎಂದಳು. ಆಮೇಲೆ ಕೊಡವನ್ನು ಬೆರಳಿನಿಂದ ಬಡಿದು ನೋಡಿ, “ಇರಲಿ, ಎತ್ತಿಗೆ ನೀರ ಕುಡಸಾಕ ಆಕ್ಕೈತಿ” ಎಂದು ಮೊಮ್ಮಗನನ್ನು ಕೂಗಿ ಒಳಗೆ ಒಯ್ಯಿಸಿದಳು.

ತಿರುಗಿ ಬರುವಾಗ ಹುಡುಗನು ಅಗಸೆಯ ಹತ್ತಿರ ಮತ್ತೆ ಕೇಳಿದನು: “ಖರೇನ ಹೇಳಜ್ಜಾ, ಎರಡರಾಗ ಯಾವ್ದು ಛಲೋ?” ತಿರುವಿದ್ದರೆ ಕುದುರೆ, ಮಳೆಯಿದ್ದರೆ ಗೂಳಿ ಎಂದು ಹೇಳಿದೆನು. ಅವನು ಅಷ್ಟಕ್ಕೆ ತೃಪ್ತನಾಗಿ, ಎತ್ತು ಬಿಚ್ಚುವ ಹೊತ್ತಾಯಿತೆಂದು ಮುಂದೆ ಓಡಿಹೋದನು.